ಪದೇ ಪದೇ ಬೀಳೋನಿಗೆ ರಕ್ಷಣೆ ಉಳಿಯುತ್ತಾ?

ಪ್ರಶ್ನೆ: ನಾನು ಮಂಡ್ಯದವನು, ಕೆಲಸಕ್ಕೆ ದಿನಾ ಟ್ರೇನಲ್ಲಿ ಮೈಸೂರಿಗೆ ಹೋಗಿ ಬರ್ತೀನಿ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿ ಎಷ್ಟೋ ವರ್ಷ ಆಯ್ತು, ಆದ್ರೂ ಕ್ರಿಕೆಟ್ ಬೆಟ್ಟಿಂಗ್ ಬಿಡೋಕಾಗ್ತಿಲ್ಲ. ಅತ್ತು ಪ್ರಾರ್ಥನೆ ಮಾಡಿ ನಿಲ್ಲಿಸ್ತೀನಿ, ಐಪಿಎಲ್ ಬಂತು ಅಂದ್ರೆ ಮತ್ತೆ ಶುರು, ಹೆಂಡ್ತಿಗೆ ಮತ್ತೆ ಸುಳ್ಳು. ನಮ್ಮ ಪಾಸ್ಟರ್ ಬೈಬಲ್‌ನಲ್ಲಿ ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದಿ ನಿನ್ನ ರಕ್ಷಣೆ (ಯೇಸುವಿಂದ ಸಿಕ್ಕ ಪಾಪವಿಮೋಚನೆ) ಹೋಯ್ತು ಅಂದ್ಬಿಟ್ರು. ಮೈಸೂರಿನ ಫ್ರೆಂಡು ಒಂದ್ಸಲ ಸಿಕ್ಕಿದ್ದು ಹೋಗಲ್ಲ, ಟೆನ್ಷನ್ ಬಿಡು ಅಂತಾನೆ. ಯಾರ ಮಾತು ನಂಬ್ಲಿ? ಚರ್ಚಲ್ಲಿ ರೊಟ್ಟಿ-ದ್ರಾಕ್ಷಾರಸ ಕೊಡೋ ಪ್ರಭುಭೋಜನ ತಗೋಬಹುದಾ?
– ಹೆಸರು ಬೇಡ, ಮಂಡ್ಯ

ಉತ್ತರ: ಇಬ್ರೂ ಅರ್ಧರ್ಧ ಹೇಳಿದ್ದಾರೆ.

ಮೊದಲು ಫ್ರೆಂಡ್ ವಿಷ್ಯ. ಅವರ ಮಾತಿಗೆ ಆಧಾರ ಇದೆ, ಯೋಹಾನ 10ರಲ್ಲಿ ನನ್ನ ಕುರಿಗಳನ್ನ ನನ್ನ ಕೈಯಿಂದ ಯಾರೂ ಕಿತ್ಕೊಳ್ಳೋಕಾಗಲ್ಲ ಅಂತ ಯೇಸು ಹೇಳ್ತಾನೆ. ಇದನ್ನೇ ಸಿದ್ಧಾಂತ ಮಾಡಿದ್ದು ನೆದರ್‌ಲ್ಯಾಂಡ್ಸ್‌ನ ಡಾರ್ಟ್ ಊರಲ್ಲಿ ಸೇರಿದ್ದ ಪ್ರೊಟೆಸ್ಟಂಟ್ ಚರ್ಚಿನವರ ಸಭೆ, 1618-19ರಲ್ಲಿ. ಆದ್ರೆ ಆ ಸಭೆಯವರು 'ಟೆನ್ಷನ್ ಬಿಡು' ಅಂತ ಎಲ್ಲೂ ಹೇಳ್ಲಿಲ್ಲ ಸ್ವಾಮಿ! ಬೈಬಲ್‌ನ ರಾಜ ದಾವೀದ, ಯೇಸುವಿನ ಶಿಷ್ಯ ಪೇತ್ರರ ಹೆಸರು ಹಿಡಿದೇ ಬರೆದಿದ್ದಾರೆ, ನಿಜವಾದ ವಿಶ್ವಾಸಿನೂ ಘೋರ ಪಾಪಕ್ಕೆ ಬೀಳಬಹುದು, ಪವಿತ್ರಾತ್ಮನನ್ನ ದುಃಖಪಡಿಸಬಹುದು, ತಿರುಗಿ ಬರೋವರೆಗೂ ದೇವರ ಕೃಪೆಯ ಅನುಭವನೇ ಇಲ್ಲದೆ ಒದ್ದಾಡಬಹುದು ಅಂತ.

ಪಾಸ್ಟರ್ ಓದಿದ ಭಾಗನೂ ಹಗುರವಾಗಿ ತಗೊಳ್ಳೋದಲ್ಲ, ಬೆಳಕು ಕಂಡು ಪವಿತ್ರಾತ್ಮನಲ್ಲಿ ಪಾಲು ಪಡೆದು ಆಮೇಲೆ ಬಿದ್ದು ಹೋದವರನ್ನ ಮತ್ತೆ ಪಶ್ಚಾತ್ತಾಪಕ್ಕೆ ತರೋದು ಅಸಾಧ್ಯ ಅಂತಾನೇ ಅಲ್ಲಿದೆ. ಆದ್ರೆ ಆ ಪತ್ರ ಓದ್ತಿದ್ದವರ ಕಷ್ಟ ಏನಿತ್ತು? ಹಿಂಸೆಗೆ ಹೆದರಿ ಕ್ರಿಸ್ತನನ್ನೇ ಬಿಟ್ಟು ಹೋಗೋ ಅಂಚಲ್ಲಿದ್ರು. 10ನೇ ಅಧ್ಯಾಯದಲ್ಲಿ ದೇವಕುಮಾರನನ್ನ ಕಾಲಡಿ ತುಳಿಯೋನು ಅಂತ ಬರುತ್ತಲ್ಲ, ಆ ಥರದ ತಿರಸ್ಕಾರ ಅದು. ಬಿದ್ದು ಅಳೋನ ಮೇಲೆ ಅದನ್ನ ಎಸೆಯೋದು ನನಗೆ ಸರಿ ಕಾಣಲ್ಲ. ಪೇತ್ರ ಯೇಸು ಯಾರೋ ಗೊತ್ತೇ ಇಲ್ಲ ಅಂತ ಮೂರು ಸಲ ಅಂದೋನು, ಅವನನ್ನೇ ಯೇಸು ಕರೆದು ಕುರಿ ಮೇಯಿಸು ಅಂದಿದ್ದು ಯೋಹಾನ 21ರಲ್ಲಿದೆ.

ರಕ್ಷಣೆ ಕಳ್ಕೋಬಹುದು ಅಂತ ಒಪ್ಪೋ, ಮೆಥೊಡಿಸ್ಟ್ ಪಂಥ ಶುರು ಮಾಡಿದ ವೆಸ್ಲಿನೂ ಹಿಂಜಾರಿದವರಿಗೇ (ವಿಶ್ವಾಸದಿಂದ ಹಿಂದೆ ಸರಿದವರಿಗೇ) ಅಂತ ಒಂದು ಪ್ರಸಂಗ ಬರೆದ, ಹಾಗೆ ಬಿದ್ದವರು ಸಾವಿರಾರು ಜನ ವಾಪಸ್ ಬಂದಿದ್ದಾರೆ ಅಂತ. ಕ್ಯಾಥೊಲಿಕರು, ಟ್ರೆಂಟ್ ಊರಲ್ಲಿ ಸೇರಿದ್ದ ತಮ್ಮ ಮಹಾಸಭೆಯ 1547ರ ತೀರ್ಮಾನದ ಪ್ರಕಾರ, ಮಾರಕ ಪಾಪದಿಂದ (ಗೊತ್ತಿದ್ದೂ ಮಾಡೋ ಘೋರ ಪಾಪದಿಂದ) ಕೃಪೆ ಹೋಗುತ್ತೆ ಅಂತಾರೆ, ಪಾದ್ರಿ ಮುಂದೆ ಮಾಡೋ ಪಾಪನಿವೇದನೆಯಲ್ಲಿ ಮತ್ತೆ ಸಿಗುತ್ತೆ ಅಂತಲೂ ಅಂತಾರೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ನೋಡಿ, 1947ರಲ್ಲಿ ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಆಂಗ್ಲಿಕನ್ನರು ಎಲ್ಲ ಒಂದಾದಾಗ ಈ ಜಗಳ ತೀರ್ಸೋವರೆಗೂ ಯಾರೂ ಕಾಯ್ಲಿಲ್ಲ, ಇವತ್ತಿಗೂ ರಕ್ಷಣೆ ಹೋಗುತ್ತೆ ಅನ್ನೋರು, ಹೋಗಲ್ಲ ಅನ್ನೋರು ಇಬ್ರೂ ಒಂದೇ ಬೆಂಚಲ್ಲಿ ಕೂರ್ತಾರೆ.

ಇವರೆಲ್ಲ ಒಪ್ಪೋದು ಎರಡು ವಿಷ್ಯ: ತಿರುಗಿ ಬರೋನಿಗೆ ಬಾಗಿಲು ಮುಚ್ಚಿಲ್ಲ, ಪಾಪದ ಜೊತೆ ರಾಜಿ ಮಾಡ್ಕೊಂಡು ಹಾಯಾಗಿರೋನಿಗೆ ಯಾರೂ ಭರವಸೆ ಕೊಡಂಗಿಲ್ಲ. ನೀವಿನ್ನೂ ರಾಜಿಯಾಗಿಲ್ಲ, ಇಲ್ಲಾಂದ್ರೆ ಈ ಪತ್ರನೇ ಬರ್ತಿರ್ಲಿಲ್ಲ. ಆದ್ರೆ ಬೇಜಾರ್ ಮಾಡ್ಕೋಬೇಡಿ, ಒಂದು ಮಾತು. ರಕ್ಷಣೆ ಇದೆಯಾ ಇಲ್ವಾ ಅಂತ ವಿಚಾರಿಸ್ತಾ ಕೂತಿರೋದು, ಸಾಲ ಕೊಟ್ಟೋನು ಬಾಗಿಲಲ್ಲಿ ನಿಂತಿರುವಾಗ ಒಳಗೆ ಕೂತು ಪಂಚಾಂಗ ತೆಗೆದಂಗಿದೆ. ನೀವು ಅತ್ತಿದ್ದೆಲ್ಲ ಒಬ್ಬರೇ ಇದ್ದಾಗ. ಯಾಕೋಬ 5:16 ಒಬ್ಬರಿಗೊಬ್ಬರು ಪಾಪ ಒಪ್ಕೊಳ್ಳಿ ಅನ್ನುತ್ತೆ. ಅದನ್ನ ಮಾಡಿಲ್ಲ ನೀವು.

ಹೆಂಡ್ತಿಗೆ ಹೇಳಿ. ಫೋನಿನ ಯುಪಿಐ ತೆಗೆಸಿ, ಎಟಿಎಂ ಕಾರ್ಡ್ ಅವರ ಕೈಗೆ ಕೊಡಿ, ಸಭೆಯಲ್ಲಿ ಬಾಯಿ ಬಿಗಿ ಇರೋ ಹಿರಿಯರೊಬ್ಬರಿಗೆ ವಾರ ವಾರ ಲೆಕ್ಕ ಒಪ್ಪಿಸಿ. ಜೂಜಿನ ಚಟ ಕಾಯಿಲೆ ಥರನೂ ಬೆಳೆಯುತ್ತೆ, ಅದಕ್ಕೆ ಡಾಕ್ಟರ ಸಹಾಯ ತಗೊಂಡ್ರೆ ವಿಶ್ವಾಸ ಕಮ್ಮಿ ಆಯ್ತು ಅಂತಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಭುಭೋಜನ ಕೇಳಿದ್ರಿ. 1 ಕೊರಿಂಥ 11:28 ತನ್ನನ್ನ ಪರೀಕ್ಷಿಸ್ಕೊಂಡು ತಗೊಳ್ಳಲಿ ಅನ್ನುತ್ತೆ, ಪರೀಕ್ಷಿಸ್ಕೊಂಡು ದೂರ ಇರ್ಲಿ ಅನ್ನಲ್ಲ. ತಗೊಳ್ಳಿ. ಆದ್ರೆ ಹೆಂಡ್ತಿಗೆ ಹೇಳಿದ ಮೇಲೆ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಮತ್ತೆ, ಸಾಲ ಎಷ್ಟಿದೆ ಅಂತ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ಅವರಿಗೆ ಹೇಳುವಾಗ ಅದನ್ನೂ ಸೇರಿಸಿ ಹೇಳಿ.