ಎತ್ತರಕ್ಕೆ ಬೆಳೆದ ಕಾಸ್ಮಾಸ್, ಹೂವೇ ಇಲ್ಲ!

ಪ್ರಶ್ನೆ: ಮೇಡಂ, ಮೇ ತಿಂಗಳಲ್ಲಿ ಗುಲಾಬಿ ಬಣ್ಣದ ಕಾಸ್ಮಾಸ್ ಬೀಜ ಹಾಕಿದ್ದೆ. ವಾರ ವಾರ ಕಡಲೆಹಿಂಡಿ ನೀರು ಕೊಡುತ್ತಿದ್ದೇನೆ. ಗಿಡ ಎದೆಮಟ್ಟ ಬಂದು ವಾಲುತ್ತಿದೆ, ಒಂದು ಮೊಗ್ಗೂ ಇಲ್ಲ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಮೊದಲು ಆ ಹಿಂಡಿ ನೀರು ನಿಲ್ಲಿಸಿ. ಕಾಸ್ಮಾಸ್ ಮೆಕ್ಸಿಕೋ ಕಡೆಯ ಗಿಡ, ಸಾರ ಕಡಿಮೆ ಇರುವ ಮಣ್ಣಲ್ಲೇ ಚೆನ್ನಾಗಿ ಹೂ ಬಿಡುತ್ತದೆ. ಹಿಂಡಿಯಲ್ಲಿರುವ ಸಾರಜನಕ ಜಾಸ್ತಿ ಸಿಕ್ಕರೆ ಸುಮ್ನೆ ಎಲೆ, ಕಾಂಡ ಬೆಳೆಸಿಕೊಂಡು ಹೋಗುತ್ತದೆ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೀಳುತ್ತಿದೆಯಾ ನೋಡಿ. ಇನ್ನೊಂದು ಕಾರಣವೂ ಇದೆ: ಗುಲಾಬಿ, ಬಿಳಿ ಬಣ್ಣದ ಜಾತಿಗೆ ಹಗಲು ಚಿಕ್ಕದಾದಾಗ ಬೇಗ ಮೊಗ್ಗು ಬರುತ್ತದೆ, ಹಾಗಾಗಿ ಮೇ ತಿಂಗಳಲ್ಲಿ ಬಿತ್ತಿದ್ದು ಎತ್ತರ ಆಗುತ್ತಲೇ ಇರುತ್ತದೆ, ಸೆಪ್ಟೆಂಬರ್‌ನಲ್ಲಿ ಬಿತ್ತಿದ್ದು ಗಿಡ್ಡಕ್ಕಿರುವಾಗಲೇ ಹೂ ಬಿಡುತ್ತದೆ. ಈಗಿರುವ ಗಿಡ ಕೀಳಬೇಡಿ, ಪಾಪ. ಕೋಲು ಕೊಟ್ಟು ಕಟ್ಟಿ, ಕಾಯಿರಿ. ಮುಂದಿನ ಸಲ ಗಿಡ ಒಂದಡಿ ಆದಾಗ ತುದಿ ಚಿವುಟಿದರೆ ಕವಲು ಒಡೆಯುತ್ತದೆ, ವಾಲುವುದೂ ಕಡಿಮೆ. ಎಲೆ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ. ಆ ಎಲೆ ಕಿತ್ತು, ಗಿಡಗಳ ನಡುವೆ ಗಾಳಿಯಾಡಲು ಜಾಗ ಮಾಡಿ. ಬೇಸಿಗೆಯಲ್ಲೂ ಹೂ ಬೇಕೇ ಬೇಕು ಅಂದರೆ ಕಿತ್ತಳೆ, ಹಳದಿ ಬಣ್ಣದ ಕಾಸ್ಮಾಸ್ ಹಾಕಿ. ಅದು ಸೆಖೆಗೆ ಅಷ್ಟು ಬಾಡುವುದಿಲ್ಲ.