ಹಳೇ ಅಂಬಾಸಿಡರ್‌ನಲ್ಲಿ ಟ್ಯಾಂಕ್ ತುಂಬಿದ್ದರೂ ಪೆಟ್ರೋಲ್ ಮುಳ್ಳು ಏಳುತ್ತಿಲ್ಲ, ಏನು ಮಾಡಬೇಕು?

ಸೆಂಡರ್ (ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆದು ಮುಳ್ಳಿಗೆ ತಿಳಿಸುವ ಭಾಗ) ಬಿಚ್ಚುವ ಮೊದಲು ಅದರ ಅರ್ತ್, ಅಂದರೆ ಗಾಡಿಯ ಬಾಡಿಗಿರುವ ವಿದ್ಯುತ್ ಸಂಪರ್ಕ ನೋಡಿ. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಯಲ್ಲಿ ಓಡಿದ ಗಾಡಿಗೆ ತುಕ್ಕು ಹಿಡಿದ ಅರ್ತ್ ಮಾಮೂಲಿ ಕಾಯಿಲೆ. ಇಗ್ನಿಷನ್ ಆಫ್ ಇರುವಾಗಲೇ ಸೆಂಡರ್ ತಟ್ಟೆಯಿಂದ ಬಾಡಿಯ ಬಣ್ಣ ಕೆರೆದ ಜಾಗಕ್ಕೆ ವೈರ್ ಕಟ್ಟಿ, ಆಮೇಲೆ ಆನ್ ಮಾಡಿ. ಮುಳ್ಳು ಎದ್ದರೆ ಆ ವೈರನ್ನೇ ಖಾಯಂ ಮಾಡಿ.

ಏಳದಿದ್ದರೆ ಸೆಂಡರ್ ಹೊರಗೆ ತೆಗೆಯಬೇಕು. ಬ್ಯಾಟರಿಯ ನೆಗೆಟಿವ್ ಕಳಚಿ, ಪೆಟ್ರೋಲ್ ಇಳಿಸಿ, ಬಯಲಲ್ಲಿ ಕೆಲಸ ಮಾಡಿ. ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ತಟ್ಟಲೇಬೇಕಾದರೆ ಹಿತ್ತಾಳೆ ಸರಳು ಬಳಸಿ, ಕಬ್ಬಿಣದಿಂದ ಕಿಡಿ ಹಾರುತ್ತದೆ. ತಟ್ಟೆ ಯಾವ ದಿಕ್ಕಿಗಿತ್ತೆಂದು ಗುರುತು ಹಾಕಿ, ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಬುರುಡೆ) ಕಡ್ಡಿ ಬಾಗದಂತೆ ಓರೆಯಾಗಿ ಎತ್ತಿ.

ಮಲ್ಟಿಮೀಟರ್ ಹಚ್ಚಿ ಕಡ್ಡಿ ಆಡಿಸಿದರೆ ಓಮ್ (ವಿದ್ಯುತ್ ತಡೆಯ ಅಳತೆ) ನಿಧಾನವಾಗಿ ಏರಿಳಿಯಬೇಕು. ನಡುನಡುವೆ ಅಳತೆ ಕಡಿದುಹೋದರೆ ಸೆಂಡರ್ ಒಳಗಿನ ಸುರುಳಿ ತಂತಿಯನ್ನು ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಒರೆಸಿ, ಅದರ ಮೇಲೆ ಜಾರುವ ತಗಡನ್ನು ತುಸು ಒತ್ತುವಂತೆ ಬಾಗಿಸಿ. ಉಪ್ಪುಕಾಗದ ಬೇಡವೇ ಬೇಡ, ತಂತಿ ಕೂದಲಿನಷ್ಟು ತೆಳು. ಮೀಟರ್ ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಹೊಸ ಸೆಂಡರ್ ಹಾಕುವುದೇ ಲೇಸು.

ಹಿತ್ತಾಳೆ ಫ್ಲೋಟ್ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಬಿಸಿನೀರಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ಗುರುತು ಮಾಡಿ. ಒಳಗಿನ ಪೆಟ್ರೋಲ್, ಆವಿ ಪೂರ್ತಿ ಹೋಗುವ ತನಕ ಬೆಸುಗೆ ಮುಟ್ಟಬೇಡಿ. ಬೆಸುಗೆಯ ಸೀಸವೂ ಹನಿಯಷ್ಟೇ ಸಾಕು, ತೂಕ ಹೆಚ್ಚಿದರೆ ಮುಳ್ಳು ಕಡಿಮೆ ತೋರಿಸುತ್ತದೆ.

ಜೋಡಿಸುವಾಗ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಿ. ಸಾದಾ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಬಿಟ್ಟುಕೊಳ್ಳುತ್ತದೆ.