ಸೋವಿಯತ್ ಪತನದ ನಂತರ ಮಧ್ಯ ಏಷ್ಯಾದಲ್ಲಿ ಇಸ್ಲಾಮೀ ಆಡಳಿತ ಏಕೆ ಬರಲಿಲ್ಲ?

ಸೋವಿಯತ್ ಒಕ್ಕೂಟ ಒಡೆದಾಗ ಸ್ವತಂತ್ರವಾದ ಐದು ಮಧ್ಯ ಏಷ್ಯಾ ದೇಶಗಳು (ಕಜಕಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ) ಮುಸ್ಲಿಂ ಬಹುಸಂಖ್ಯಾತವಾಗಿದ್ದರೂ ಇರಾನಿನ ಹಾದಿಯನ್ನು ಏಕೆ ಹಿಡಿಯಲಿಲ್ಲ ಎಂದು ಕೇಳಿದ್ದೀರಿ. ಎಪ್ಪತ್ತು ವರ್ಷಗಳ ನಾಸ್ತಿಕ ಆಡಳಿತವು ಜನರ ನಂಬಿಕೆಯನ್ನೇ ಅಳಿಸಿಹಾಕಿತ್ತು ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಅಧಿಕಾರ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ಮೊದಲು ನೋಡಬೇಕು.

ಈ ದೇಶಗಳು ಹೋರಾಡಿ ಸ್ವಾತಂತ್ರ್ಯ ಪಡೆದವಲ್ಲ. 1991ರ ಮಾರ್ಚ್ ಜನಮತಗಣನೆಯಲ್ಲಿ ಇಲ್ಲಿಯ ಮತದಾರರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಒಕ್ಕೂಟ ಉಳಿಯಬೇಕೆಂದೇ ಹೇಳಿದ್ದರು. ಅದೇ ಡಿಸೆಂಬರಿನಲ್ಲಿ ರಷ್ಯಾ, ಉಕ್ರೇನ್ ಮತ್ತು ಬೆಲಾರೂಸಿನ ನಾಯಕರು ಒಕ್ಕೂಟವನ್ನು ವಿಸರ್ಜಿಸುವ ಒಪ್ಪಂದಕ್ಕೆ ಸಹಿ ಹಾಕಿದಾಗ ಮಧ್ಯ ಏಷ್ಯಾದವರನ್ನು ಕೇಳಿರಲೂ ಇಲ್ಲ. ಹೀಗಾಗಿ ಉಜ್ಬೇಕಿಸ್ತಾನದಲ್ಲಿ ಕರಿಮೋವ್, ಕಜಕಸ್ತಾನದಲ್ಲಿ ನಜರ್ಬಾಯೆವ್, ತುರ್ಕಮೆನಿಸ್ತಾನದಲ್ಲಿ ನಿಯಾಜೋವ್ ಹೀಗೆ ಕಮ್ಯುನಿಸ್ಟ್ ಪಕ್ಷದ ಪ್ರಥಮ ಕಾರ್ಯದರ್ಶಿಗಳಾಗಿದ್ದವರೇ ರಾಷ್ಟ್ರಪಿತರ ಪಾತ್ರ ವಹಿಸಿದರು. ಕಜಕಸ್ತಾನದಲ್ಲಂತೂ 1989ರ ಗಣತಿಯಂತೆ ಕಜಕರು ಸುಮಾರು ಶೇ. 40ರಷ್ಟಿದ್ದು, ರಷ್ಯನ್ನರೂ ಹೆಚ್ಚುಕಡಿಮೆ ಅಷ್ಟೇ ಇದ್ದರು; ಧರ್ಮದ ಮೇಲೆ ದೇಶ ಕಟ್ಟುವ ಮಾತನ್ನು ಅಲ್ಲಿ ಎತ್ತುವುದೇ ಅಪಾಯವಾಗಿತ್ತು.

ಲೆನಿನ್ ಹೋದ ಜಾಗಕ್ಕೆ ಯಾರನ್ನು ತರುವುದು ಎಂಬುದು ಇವರ ಮುಂದಿದ್ದ ನಿಜವಾದ ಪ್ರಶ್ನೆ. ಉಜ್ಬೇಕಿಸ್ತಾನ ತೈಮೂರನನ್ನು ಆರಿಸಿಕೊಂಡಿತು. ತಾಷ್ಕೆಂಟಿನಲ್ಲಿ ಹಿಂದೆ ಮಾರ್ಕ್ಸ್ ಇದ್ದಲ್ಲಿ 1993ರಲ್ಲಿ ತೈಮೂರನ ಕುದುರೆ ಸವಾರಿಯ ಪ್ರತಿಮೆ ನಿಂತಿತು. ತೈಮೂರನ ವಂಶದವನಾದ ಬಾಬರನನ್ನು ಸಮರ್ಕಂದದಿಂದ ಓಡಿಸಿ, ಕೊನೆಗೆ ಅವನು ನಮ್ಮ ಕಡೆಗೆ ಮುಖ ಮಾಡುವಂತೆ ಮಾಡಿದವರು ಶೈಬಾನಿ ಖಾನನ ಉಜ್ಬೇಕರೇ ಎಂಬುದು ಇಲ್ಲಿಯ ತಮಾಷೆ. ತಜಿಕಿಸ್ತಾನ ಸಾಮಾನಿ ಎಂಬ ಹಳೆಯ ಪರ್ಷಿಯನ್ ರಾಜವಂಶದ ದೊರೆ ಇಸ್ಮಾಯಿಲನನ್ನು ಆದಿಪುರುಷನನ್ನಾಗಿಸಿ ನಾಣ್ಯಕ್ಕೂ ಅವನ ಹೆಸರಿಟ್ಟಿತು, ಆದರೆ ಸಾಮಾನಿಗಳ ಸಮಾಧಿ ಇರುವ ಬುಖಾರಾ 1924ರ ಸೋವಿಯತ್ ಗಡಿರೇಖೆಯಿಂದಾಗಿ ಉಜ್ಬೇಕಿಸ್ತಾನದಲ್ಲಿದೆ.

ಇಸ್ಲಾಮನ್ನು ಇವರು ಕೈಬಿಡಲಿಲ್ಲ, ಪೂರ್ವಜರ ಪರಂಪರೆಯ ಭಾಗವೆಂದು ಒಪ್ಪಿಕೊಂಡೇ ಹಿಡಿತದಲ್ಲಿಟ್ಟರು. ಸ್ಟಾಲಿನ್ ಕಾಲದಲ್ಲಿ, 1943ರಲ್ಲಿ, ತಾಷ್ಕೆಂಟಿನಲ್ಲಿ ಸ್ಥಾಪಿತವಾದ ಮುಫ್ತಿಗಳ (ಇಸ್ಲಾಮೀ ಧರ್ಮಶಾಸ್ತ್ರಜ್ಞರ) ಆಡಳಿತ ಮಂಡಳಿಯ ಮಾದರಿಯೇ ಪ್ರತಿ ದೇಶದಲ್ಲೂ ಬೇರೆ ಬೇರೆಯಾಗಿ ಮುಂದುವರಿಯಿತು. ಸರ್ಕಾರದ ಹಿಡಿತದ ಹೊರಗಿನ ಇಸ್ಲಾಮಿಗೆ ಏನಾಯಿತೆಂಬುದಕ್ಕೆ ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯ ನಮಂಗಾನ್ ನಗರ ಸಾಕ್ಷಿ. ಅಲ್ಲಿ ಅದಾಲತ್ ಎಂಬ ಗುಂಪಿನ ಯುವಕರು ತಾವೇ ಬೀದಿ ಕಾವಲಿಗಿಳಿದು, 1991ರ ಕೊನೆಯಲ್ಲಿ ಭೇಟಿಗೆ ಬಂದ ಕರಿಮೋವರ ಮುಂದೆ ಇಸ್ಲಾಮೀ ರಾಜ್ಯದ ಬೇಡಿಕೆ ಇಟ್ಟರು. ಕೆಲವೇ ತಿಂಗಳಲ್ಲಿ ಬಂಧನಗಳಾದವು. ತಪ್ಪಿಸಿಕೊಂಡ ನಾಯಕ ತಾಹಿರ್ ಯುಲ್ದಾಶೆವ್ ಮುಂದೆ ಉಜ್ಬೇಕಿಸ್ತಾನದ ಇಸ್ಲಾಮೀ ಚಳವಳಿ ಎಂಬ ಸಶಸ್ತ್ರ ಸಂಘಟನೆಯ ನೇತೃತ್ವ ವಹಿಸಿದನು.

ಧಾರ್ಮಿಕ ಪಕ್ಷವೊಂದು, ಇಸ್ಲಾಮೀ ಪುನರುಜ್ಜೀವನ ಪಕ್ಷ, ನಿಜವಾಗಿ ಅಧಿಕಾರದ ಸಮೀಪಕ್ಕೆ ಬಂದದ್ದು ತಜಿಕಿಸ್ತಾನದಲ್ಲಿ ಮಾತ್ರ. 1992ರಿಂದ 1997ರವರೆಗಿನ ಅಂತರ್ಯುದ್ಧದಲ್ಲಿ ಹತ್ತಾರು ಸಾವಿರ ಜನ ಸತ್ತರು. ಅದನ್ನು ಇಸ್ಲಾಂ ಮತ್ತು ಕಮ್ಯುನಿಸಂ ನಡುವಿನ ಜಗಳವೆಂದು ಬರೆಯುವುದು ಸುಲಭ, ಆದರೆ ಖುಜಂದ್ ಮತ್ತು ಕುಲಾಬ್ ಕಡೆಯವರು ಸರ್ಕಾರದ ಪಕ್ಕ, ಗರ್ಮ್ ಮತ್ತು ಪಾಮಿರ್ ಕಡೆಯವರು ವಿರೋಧಿ ಬಣದ ಪಕ್ಕ ನಿಂತದ್ದನ್ನು ನೋಡಿದರೆ ಅದು ಬಹುಮಟ್ಟಿಗೆ ಪ್ರಾಂತ್ಯಗಳ ಅಧಿಕಾರದ ಜಗಳವಾಗಿತ್ತೆಂದು ನನ್ನ ಅಭಿಪ್ರಾಯ. ಇಸ್ಮಾಯಿಲಿ ಶಿಯಾಗಳಾದ ಪಾಮಿರಿಗಳು ಸುನ್ನಿ ಧಾರ್ಮಿಕ ಪಕ್ಷದ ಜೊತೆಗೂಡಿದ್ದನ್ನು ಬೇರೆ ಹೇಗೆ ವಿವರಿಸುವುದು? 1997ರ ಶಾಂತಿ ಒಪ್ಪಂದದಂತೆ ವಿರೋಧಿ ಬಣಕ್ಕೆ ಸರ್ಕಾರಿ ಹುದ್ದೆಗಳಲ್ಲಿ ಶೇ. 30ರಷ್ಟು ಪಾಲು ಸಿಗಬೇಕಿತ್ತು ಮತ್ತು ಇಸ್ಲಾಮೀ ಪುನರುಜ್ಜೀವನ ಪಕ್ಷಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ಆ ಪಾಲನ್ನು ಅಧ್ಯಕ್ಷ ರಹ್ಮಾನ್ ಮೆಲ್ಲಗೆ ಕರಗಿಸುತ್ತ ಬಂದರು; 2015ರಲ್ಲಿ ಪಕ್ಷವನ್ನೇ ನಿಷೇಧಿಸಲಾಯಿತು.